ಡಾಕ್ಟರನ್ನು ಕೇಳಿ: ವಾರಕ್ಕೊಂದೇ ಮಾತ್ರೆ ಸಾಕೇ?

ಪ್ರಶ್ನೆ: ನನಗೆ 72 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ಬಹಳ ವರ್ಷಗಳಿಂದ ಮೊಣಕೈ, ಬೆನ್ನು, ಕಾಲುಗಳಲ್ಲಿ ಸೋರಿಯಾಸಿಸ್ ಇದೆ. ಮುಲಾಮಿಗೆ ಬಗ್ಗದ ಕಾರಣ ಚರ್ಮದ ಡಾಕ್ಟರು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಬರೆದಿದ್ದಾರೆ. ಅದು ಕ್ಯಾನ್ಸರ್ ಔಷಧಿ ಎಂದು ಮಗ ಹೆದರಿಸುತ್ತಾನೆ. ದಿನಾ ತೆಗೆದುಕೊಂಡರೆ ಬೇಗ ಗುಣವಾಗುವುದಿಲ್ಲವೇ? ಬಿಪಿಗೆ, ಮಂಡಿನೋವಿಗೆ ಬೇರೆ ಮಾತ್ರೆಗಳಿವೆ. ಇದು ಮೊಮ್ಮಗಳಿಗೆ ಅಂಟುತ್ತದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಕೊನೆಯ ಪ್ರಶ್ನೆ ಮೊದಲು, ಮೇಷ್ಟ್ರೇ. ಅಂಟುವುದಿಲ್ಲ. ಮೊಮ್ಮಗಳನ್ನು ಧಾರಾಳವಾಗಿ ಎತ್ತಿಕೊಳ್ಳಿ. ಸೋರಿಯಾಸಿಸ್‌ನಲ್ಲಿ, ಸುಮಾರು ತಿಂಗಳಿಗೊಮ್ಮೆ ಹೊಸದಾಗಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಾಗಿ ಉದುರುತ್ತದೆ, ಅಷ್ಟೇ. ರೋಗಾಣುವಿನ ಕೆಲಸ ಅಲ್ಲ.

ಇನ್ನು ಮಾತ್ರೆ. ದಿನಾ ಖಂಡಿತ ಬೇಡ. ಈ ಮಾತ್ರೆಯಿಂದ ಆಗುವ ದೊಡ್ಡ ಅನಾಹುತಗಳಲ್ಲಿ ಎಷ್ಟೋ ಈ ಒಂದು ಗೊಂದಲದಿಂದಲೇ ಆಗುತ್ತವೆ. ದಿನವೂ ನುಂಗಿದರೆ ಬಾಯಲ್ಲಿ ಹುಣ್ಣಾಗುತ್ತದೆ, ರಕ್ತಕಣಗಳು ಇಳಿಯುತ್ತವೆ, ಪ್ರಾಣಕ್ಕೇ ಬರಬಹುದು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ, ಗುರುವಾರ ಅಂತಿಟ್ಟುಕೊಳ್ಳಿ. ಚೀಟಿಯ ಮೇಲೆ ಆ ದಿನದ ಹೆಸರನ್ನೇ ಬರೆಸಿಕೊಳ್ಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿಪಿ ಮಾತ್ರೆಯ ಡಬ್ಬಿಯಲ್ಲಿ ಇದನ್ನು ಬೆರೆಸಿ ಇಡಲೇಬೇಡಿ. ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಕೂಡ ಹಳದಿ ಮಾತ್ರೆಯೇ ಇರಬಹುದು. ಬಣ್ಣ ನೋಡಿ ನುಂಗಬೇಡಿ, ಹೆಸರು ಓದಿ.

ಮಗನ ಮಾತು ಅರ್ಧ ನಿಜ. ಕ್ಯಾನ್ಸರಿಗೂ ಕೊಡುತ್ತಾರೆ, ಆದರೆ ಬಹಳ ದೊಡ್ಡ ಪ್ರಮಾಣದಲ್ಲಿ. ಸೋರಿಯಾಸಿಸ್‌ಗೆ ಸಣ್ಣ ಪ್ರಮಾಣದಲ್ಲಿ ಕೊಡುವುದು 1950ರ ದಶಕದಿಂದಲೂ ನಡೆದುಬಂದಿದೆ.

ನನಗೆ ಜಾಸ್ತಿ ಚಿಂತೆ ನಿಮ್ಮ ಮಂಡಿನೋವಿನ ಮಾತ್ರೆಯದು. ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗುವುದು ಹೆಚ್ಚಾಗಿ ಕಿಡ್ನಿ ಮೂಲಕ. ವಯಸ್ಸಾದಂತೆ ಕಿಡ್ನಿ ನಿಧಾನವಾಗುತ್ತದೆ. ಅದರ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆ ನುಂಗಿದರೆ ಮೆಥೊಟ್ರೆಕ್ಸೇಟ್ ಒಳಗೇ ಉಳಿದುಬಿಡಬಹುದು. ಸಣಕಲು ಮೈಯವರಲ್ಲಿ ಇನ್ನೊಂದು ಮೋಸ ಇದೆ: ಮಾಂಸಖಂಡ ಕಡಿಮೆಯಾದ್ದರಿಂದ ಕಿಡ್ನಿಗಾಗಿ ಮಾಡುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನಾರ್ಮಲ್ ಅಂತಲೇ ಬರಬಹುದು, ಕಿಡ್ನಿ ಸೊರಗಿದ್ದರೂ. ಹಾಗಾಗಿ ‘ಇಜಿಎಫ್ಆರ್ (ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕಿದ, ಕಿಡ್ನಿ ಎಷ್ಟು ಶೋಧಿಸುತ್ತಿದೆ ಎಂಬ ಅಂದಾಜು) ಎಷ್ಟು? ನನ್ನ ಮೈಕಟ್ಟಿಗೆ ಅದನ್ನು ನಂಬಬಹುದೇ?’ ಎಂದು ಡಾಕ್ಟರನ್ನು ಕೇಳಿ. ಲಿವರ್, ರಕ್ತಕಣಗಳ ಪರೀಕ್ಷೆಯನ್ನೂ ಹೇಳಿದ ದಿನಕ್ಕೆ ಮಾಡಿಸಿ. ಮೂತ್ರದ ಸೋಂಕಿಗೆ ಯಾರಾದರೂ ಕೋಟ್ರೈಮಾಕ್ಸಜೋಲ್ ಬರೆದರೆ ಈ ಮಾತ್ರೆಯ ವಿಷಯ ಹೇಳಿ, ಎರಡೂ ಜೊತೆಗೆ ಅಪಾಯ. ಜ್ವರ, ಒಣಕೆಮ್ಮು, ಏದುಸಿರು, ಬಾಯಿಹುಣ್ಣು ಬಂದರೆ ಮುಂದಿನ ಡೋಸ್ ನಿಲ್ಲಿಸಿ ಅದೇ ದಿನ ತೋರಿಸಿ.

ನನ್ನ ಹತ್ತಿರ ಹಿರಿಯರು ಬಂದರೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸುತ್ತೇನೆ. ನೀವೂ ಎಲ್ಲ ಒಯ್ದು ತೋರಿಸಿ. ಮೆಟೊಪ್ರೊಲಾಲ್, ಅಟೆನೊಲಾಲ್ ತರದ ಬಿಪಿ ಮಾತ್ರೆಗಳು ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ನೀವೇ ನಿಲ್ಲಿಸಬೇಡಿ, ಹೃದಯದ ಡಾಕ್ಟರು ಬದಲಿಸಬಹುದೇ ನೋಡಲಿ. ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುತ್ತದೆಯೇ? ಉಗುರಿನಲ್ಲಿ ಸಣ್ಣ ಗುಳಿಗಳಿವೆಯೇ? ಹಾಗಿದ್ದರೆ ಮಂಡಿನೋವು ವಯಸ್ಸಿನದಲ್ಲದೆ ಸೋರಿಯಾಸಿಸ್‌ನದೇ ಇರಬಹುದು. ಆಗ ಮೆಥೊಟ್ರೆಕ್ಸೇಟ್ ಒಂದೇ ಎರಡಕ್ಕೂ ಆಗುತ್ತದೆ.

ಸ್ಟಿರಾಯ್ಡ್ ಮುಲಾಮನ್ನು ದಪ್ಪ ಚಕ್ಕೆಯ ಮೇಲೆ ಮಾತ್ರ, ಹೇಳಿದಷ್ಟು ದಿನ ಹಚ್ಚಿ. ಈ ವಯಸ್ಸಿನ ಚರ್ಮ ಬೇಗ ಕಾಗದದಂತೆ ತೆಳುವಾಗುತ್ತದೆ. ತೊಡೆಸಂದಿಗಂತೂ ಬೇಡವೇ ಬೇಡ. ಹಂಡೆ ನೀರು ಸುಡುವಷ್ಟು ಬೇಡ, ಮೈಯುಜ್ಜುವ ಕಲ್ಲೂ ಬೇಡ. ಉಜ್ಜಿ ಗಾಯವಾದ ಕಡೆ ಹೊಸ ಚಕ್ಕೆ ಏಳುತ್ತದೆ. ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ, ಬಚ್ಚಲಲ್ಲಿ ಅಲ್ಲ, ಹೊರಗೆ ಕುಳಿತು. ಪಾದಕ್ಕೆ ಹಚ್ಚಿ ಓಡಾಡಿ ಜಾರಿ ಬಿದ್ದೀರಿ ಮತ್ತೆ!

‘ಬೇರು ಸಮೇತ ಕೀಳುವ’ ಪುಡಿಯ ಪೊಟ್ಟಣ ಯಾರಾದರೂ ಕೊಟ್ಟಾರು. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ತಟ್ಟನೆ ನಿಲ್ಲಿಸಿದಾಗ ಮೈಯೆಲ್ಲ ಕೆಂಪಾಗಿ ಆಸ್ಪತ್ರೆ ಸೇರಬೇಕಾಗಬಹುದು.

ಮಾತ್ರೆ ಒಗ್ಗದಿದ್ದರೆ ಬೆಳಕಿನ ಚಿಕಿತ್ಸೆ (ಯಂತ್ರದಿಂದ ಮೈಗೆ ಅಳತೆಯ ಅತಿನೇರಳೆ ಬೆಳಕು ಬಿಡುವುದು) ಇದೆ. ಕಿಡ್ನಿ, ಲಿವರ್‌ಗೆ ಹೊರೆಯಿಲ್ಲ. ಆದರೆ ವಾರಕ್ಕೆ 2–3 ಸಲ ಹೋಗಬೇಕು, ಸ್ವಲ್ಪ ಹೊತ್ತು ನಿಲ್ಲಲೂ ಬೇಕು. ಹೊಸ ಇಂಜೆಕ್ಷನ್‌ಗಳೂ ಇವೆ, ದುಬಾರಿ. ಅವಕ್ಕೆ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು.