ಕೆಂಪು ಲೈಟಿನಲ್ಲಿ ಗಾಯಕನ ಮುಖವೇ ಕಾಣ್ತಿಲ್ಲ, ಏನು ಮಾಡಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬ್ಯಾಂಡ್ ಫೋಟೋಗಳ ಬಗ್ಗೆ. ಕಾಲೇಜ್ ಫೆಸ್ಟ್, ಪಬ್, ಗಣೇಶೋತ್ಸವದ ಆರ್ಕೆಸ್ಟ್ರಾ ಎಲ್ಲ ಕಡೆಯಿಂದಲೂ ಬಂದಿವೆ. ಗೋಳು ಮಾತ್ರ ಒಂದೇ: ಲೈಟು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ, ಮೈಸೂರಿನಿಂದ: ಸರ್, ನನ್ನ ಗೆಳೆಯರದ್ದು ಐದು ಜನರ ಬ್ಯಾಂಡ್. ಶನಿವಾರ ಸಂಜೆ ಒಂದು ಕೆಫೆಯಲ್ಲಿ ನುಡಿಸುತ್ತಾರೆ. ಅಲ್ಲಿ ಕೆಂಪು, ನೀಲಿ ಎಲ್‌ಇಡಿ ಬಿಟ್ಟರೆ ಬೇರೆ ಬೆಳಕಿಲ್ಲ. ಫೋಟೋ ತೆಗೆದರೆ ಮುಖಕ್ಕೆ ಕೆಂಪು ಪೇಂಟ್ ಬಳಿದ ಹಾಗೆ ಬರುತ್ತೆ, ಕಣ್ಣು ಮೂಗು ಗೊತ್ತಾಗಲ್ಲ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಇದೆ. ಹೊಸ ಕ್ಯಾಮೆರಾ ತಗೊಳ್ಳಬೇಕಾ?

ಬೇಡ. ಲೆನ್ಸ್ ತಗೊಳ್ಳಿ, ಅದೂ ಆಮೇಲೆ. ಮೊದಲು ಕೆಂಪು ಬೆಳಕಿನಲ್ಲಿ ಕ್ಯಾಮೆರಾ ಯಾಕೆ ಎಡವುತ್ತೆ ಅಂತ ನೋಡೋಣ.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಾಮಾನ್ಯ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗಳ ಪೈಕಿ ಎರಡು ಹಸಿರು ಬೆಳಕನ್ನು ಹಿಡಿಯುತ್ತವೆ, ಒಂದು ಕೆಂಪನ್ನು, ಇನ್ನೊಂದು ನೀಲಿಯನ್ನು. ಬರೀ ಕೆಂಪು ಎಲ್‌ಇಡಿ ಬಿದ್ದಾಗ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಕೆಲಸ, ಉಳಿದ ಮೂರು ಹೆಚ್ಚುಕಡಿಮೆ ಖಾಲಿ. ಬೆಳಕು ಅಳೆಯುವ ಮೀಟರ್ ಆ ಖಾಲಿಯನ್ನೂ, ಹಿಂದಿನ ಕಪ್ಪು ಗೋಡೆಯನ್ನೂ ಲೆಕ್ಕಕ್ಕೆ ಹಿಡಿದು "ಇಲ್ಲಿ ಕತ್ತಲೆ" ಅಂತ ತೀರ್ಮಾನಿಸಿ ಎಕ್ಸ್‌ಪೋಷರ್, ಅಂದರೆ ಫೋಟೋಗೆ ಸಿಗುವ ಬೆಳಕು, ಏರಿಸುತ್ತೆ. ಅಷ್ಟರಲ್ಲಿ ಕೆಂಪು ಪಿಕ್ಸೆಲ್‌ಗಳು ತುಂಬಿ ಹೋಗಿರುತ್ತವೆ. ತುಂಬಿದ ಕೊಡಕ್ಕೆ ಎಷ್ಟು ನೀರು ಸುರಿದರೂ ಒಳಗೆ ಉಳಿಯೋದು ಅಷ್ಟೇ. ಹಾಗೆಯೇ ಕೆನ್ನೆ, ಮೂಗು, ಹಣೆ ಎಲ್ಲಕ್ಕೂ ಒಂದೇ ಬೆಲೆ ಬೀಳುತ್ತೆ, ಮುಖ ಚಪ್ಪಟೆಯಾಗುತ್ತೆ. ನೀಲಿ ಬೆಳಕಿನಲ್ಲೂ ಇದೇ ಕಥೆ. ಹೊಸ ಕ್ಯಾಮೆರಾ ತಂದರೂ ಈ ಲೆಕ್ಕ ಬದಲಾಗಲ್ಲ.

ಹಾಗಾಗಿ ಸೆಟ್ಟಿಂಗ್ ಎಲ್ಲ ನೀವೇ ಇಡುವ ಮ್ಯಾನ್ಯುವಲ್ ಮೋಡ್‌ಗೆ ಹಾಕಿ. ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ (ಕಪ್ಪಿನಿಂದ ಬಿಳಿಯವರೆಗೆ ಯಾವ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ. ಬಿಳಿ ಬಣ್ಣದ ಒಂಟಿ ಹಿಸ್ಟೋಗ್ರಾಂ ಅಲ್ಲ, ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವಂಥದ್ದು. ಕೆಂಪು ಗುಡ್ಡ ಬಲ ಅಂಚಿಗೆ ಡಿಕ್ಕಿ ಹೊಡೆದಿದ್ದರೆ ಎಕ್ಸ್‌ಪೋಷರ್ ಇಳಿಸಿ. ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್, ಕೆಲವೊಮ್ಮೆ ಎರಡು ಸ್ಟಾಪ್ ಕಮ್ಮಿ ಇಡಬೇಕಾಗುತ್ತೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತೆ). ಸ್ಕ್ರೀನ್ ಮೇಲೆ ಫೋಟೋ ಕಪ್ಪಗೆ ಕಾಣುತ್ತೆ, ಗಾಬರಿ ಬೇಡ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ತೆಗೆದಿದ್ದರೆ ಕತ್ತಲೆಯಿಂದ ವಿವರ ಎಳೆದು ತರಬಹುದು. ತುಂಬಿ ಹರಿದ ಕೆಂಪಿನಿಂದ ಏನೂ ಬರಲ್ಲ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ, 4000 ಕೆಲ್ವಿನ್ ಸುತ್ತಮುತ್ತ ಒಂದು ಕಡೆ ನಿಲ್ಲಿಸಿ. ಇಲ್ಲದಿದ್ದರೆ ಪ್ರತಿ ಫ್ರೇಮಿಗೂ ಬಣ್ಣ ಬದಲಾಗಿ, ಆಮೇಲೆ ಹಲವು ಫೋಟೋ ಸೇರಿಸಿ ಕೊಲಾಜ್ ಮಾಡುವಾಗ ತಲೆನೋವು.

ಈಗ ಲೆನ್ಸ್. ನಿಮ್ಮ 18-55ರಲ್ಲಿ 55ಕ್ಕೆ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಎಫ್ 5.6 (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಒಂದು 50 ಎಂಎಂ ಎಫ್ 1.8 ಲೆನ್ಸನ್ನು ಎಫ್ 2ರಲ್ಲಿ ಇಟ್ಟರೆ ಎಂಟು ಪಟ್ಟು ಬೆಳಕು ಒಳಗೆ ಬರುತ್ತೆ. ಅಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 25,600 ಬೇಕಿದ್ದ ಕಡೆ 3200 ಸಾಕು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಪರವಾಗಿಲ್ಲ. ಗಾಯಕರಿಗೆ ಶಟರ್ ವೇಗ ಸೆಕೆಂಡಿನ 1/200, ಡ್ರಮ್ಮರ್‌ಗೆ 1/400 ಅಥವಾ ಜಾಸ್ತಿ. ಐಎಸ್‌ಒ 6400ಕ್ಕೆ ಹೋದರೂ ಹೆದರಬೇಡಿ. ಫೋಟೋದಲ್ಲಿ ನಾಯ್ಸ್ (ಕಾಳುಕಾಳು) ಇದೆ ಅಂತ ಬ್ಯಾಂಡಿನವರು ದೂರುವುದನ್ನು ನಾನು ಕೇಳಿಲ್ಲ. ಅಲುಗಾಡಿದ ಮುಖದ ಬಗ್ಗೆ ದೂರು ಬೇಕಾದಷ್ಟು ಬರುತ್ತೆ.

ಆದರೆ ಇಷ್ಟೆಲ್ಲ ಸೆಟ್ಟಿಂಗ್‌ಗಿಂತ ದೊಡ್ಡ ಉಪಾಯ ಒಂದಿದೆ: ಕಾಯುವುದು. ಸಣ್ಣ ಜಾಗಗಳಲ್ಲಿ ಲೈಟ್‌ಗಳನ್ನು ಆಟೋ ಮೋಡ್‌ನಲ್ಲೋ ಸದ್ದಿಗೆ ತಕ್ಕಂತೆ ಬದಲಾಗುವ ಸೌಂಡ್ ಮೋಡ್‌ನಲ್ಲೋ ಬಿಟ್ಟಿರುತ್ತಾರೆ. ಆಟೋ ಆದರೆ ಅದೇ ಸುತ್ತು ಮತ್ತೆ ಮತ್ತೆ ಬರುತ್ತೆ. ಮೊದಲ ಹಾಡಿಗೆ ಕ್ಯಾಮೆರಾ ಎತ್ತದೆ ಸುಮ್ನೆ ನೋಡಿ. ಹಳದಿಯೋ ಬಿಳಿಯೋ ಗಾಯಕನ ಮುಖಕ್ಕೆ ಬೀಳುವ ಗಳಿಗೆ ಯಾವುದು, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಲೈಟ್ ಆಪರೇಟರ್ ಇದ್ದರೆ ಇನ್ನೂ ಸುಲಭ. ಒಳ್ಳೆ ಆಪರೇಟರ್ ಪಲ್ಲವಿ ಬಂದಾಗ ಬೆಳಕು ಏರಿಸುತ್ತಾರೆ, ಚರಣದಲ್ಲಿ ಇಳಿಸುತ್ತಾರೆ. ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ನೀವು ಜಾಗದಲ್ಲಿ ನಿಂತು ಫೋಕಸ್ ಹಿಡಿದಿರಬೇಕು.

ಸೌಂಡ್ ಚೆಕ್ ಹೊತ್ತಿಗೆ ಹೋಗಿ ಆಪರೇಟರ್ ಹತ್ತಿರ ಮಾತಾಡಿ. "ಅಣ್ಣ, ಎರಡು ಹಾಡಿಗೆ ಎದುರಿಂದ ಸ್ವಲ್ಪ ವಾರ್ಮ್ ಲೈಟ್ ಕೊಡ್ತೀರಾ?" ಅಂತ ಕೇಳಿ ನೋಡಿ. ಹೆಚ್ಚಿನವರು ಕೊಡುತ್ತಾರೆ. ಫೋಟೋಗ್ರಾಫರ್‌ಗಳು ಅವರನ್ನು ಮಾತಾಡಿಸುವುದೇ ಅಪರೂಪ, ಅಲ್ವಾ? ಹತ್ತು ಸಾವಿರದ ಲೆನ್ಸ್ ಮಾಡದ ಕೆಲಸವನ್ನು ಈ ಒಂದು ಮಾತು ಮಾಡುತ್ತೆ.

ಫ್ಲ್ಯಾಶ್ ಬೇಡವೇ ಬೇಡ. ಹೊಗೆ ಬಿಟ್ಟಿದ್ದರೆ ಅದಕ್ಕೆ ತಾಗಿ ಎಲ್ಲ ಬಿಳಿಚಿಕೊಳ್ಳುತ್ತೆ, ನುಡಿಸುವವರ ಕಣ್ಣಿಗೂ ಹಿಂಸೆ. ಮೈಕ್ ಬಾಯಿ ಮುಚ್ಚುತ್ತಿದ್ದರೆ ನೇರ ಎದುರಿನಿಂದ ಒಂದೆರಡು ಹೆಜ್ಜೆ ಪಕ್ಕಕ್ಕೆ ಬನ್ನಿ. ಸಾಲು ಮುಗಿದು ಉಸಿರೆಳೆಯಲು ಗಾಯಕ ಮೈಕ್‌ನಿಂದ ಹಿಂದೆ ಸರಿಯುತ್ತಾರಲ್ಲ, ಆಗ ಕ್ಲಿಕ್ ಮಾಡಿ.

ಕೊನೆಗೂ ಕೆಂಪು ಬಿಟ್ಟು ಬೇರೇನೂ ಸಿಗದಿದ್ದರೆ ಕಪ್ಪು-ಬಿಳುಪು ಮಾಡಿ. ಸುಮ್ಮನೆ ಬಣ್ಣ ತೆಗೆದರೆ ಸಾಲದು. ಎಡಿಟಿಂಗ್ ಸಾಫ್ಟ್‌ವೇರ್‌ನ ಚಾನೆಲ್ ಮಿಕ್ಸರ್‌ನಲ್ಲಿ (ಮೂರು ಬಣ್ಣಗಳ ಪಾಲು ಹೊಂದಿಸುವ ಆಯ್ಕೆ) ಕೆಂಪನ್ನು ಪೂರ್ತಿ ಇಳಿಸಿ ಹಸಿರು ಚಾನೆಲ್‌ನಿಂದ ಚಿತ್ರ ಕಟ್ಟಿ. ಕೆಂಪಿನಲ್ಲಿ ಕಳೆದುಹೋದ ಕಣ್ಣು, ಮೂಗು ಹಸಿರಿನಲ್ಲಿ ಮಬ್ಬಾಗಿಯಾದರೂ ಉಳಿದಿರುತ್ತೆ. ಕಾಳುಕಾಳಾಗಿ ಬರುತ್ತೆ, ಆದರೆ ಸಂಗೀತದ ಫೋಟೋಗೆ ಅದು ಒಪ್ಪುತ್ತೆ.

ಪ್ರಶ್ನೆ, ಹುಬ್ಬಳ್ಳಿಯಿಂದ: ಕಾಲೇಜ್ ಫೆಸ್ಟ್ ಫೋಟೋಗಳ ಮೇಲೆಲ್ಲ ಅಡ್ಡಡ್ಡ ಕಪ್ಪು ಪಟ್ಟಿ ಬಂದಿದೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ಸೈಲೆಂಟ್ ಶಟರ್ (ಎಲೆಕ್ಟ್ರಾನಿಕ್ ಶಟರ್) ಆನ್ ಇತ್ತು ಅಂತ ಕಾಣುತ್ತೆ. ಎಲ್‌ಇಡಿ ಲೈಟಿನ ಪ್ರಖರತೆ ತಗ್ಗಿಸಲು ಅದನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆನ್-ಆಫ್ ಮಾಡುತ್ತಾರೆ. ಕಣ್ಣಿಗೆ ಗೊತ್ತಾಗಲ್ಲ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ, ಲೈಟ್ ಆಫ್ ಇದ್ದಾಗ ಓದಿದ ಸಾಲುಗಳೆಲ್ಲ ಕಪ್ಪಾಗುತ್ತವೆ. ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ. ಆಗಲೂ ಪಟ್ಟಿ ಉಳಿದರೆ ಶಟರ್ ವೇಗ 1/125 ಅಥವಾ 1/100ಕ್ಕೆ ಇಳಿಸಿ. ಹಿಂದೆ ದೊಡ್ಡ ಎಲ್‌ಇಡಿ ಪರದೆ ಇದ್ದರೂ ಇದೇ ಮದ್ದು.

ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಪ್ರತಿ ಸುತ್ತಿನಲ್ಲೂ ಬೆಳಕು ಎರಡು ಸಲ ಏರಿಳಿಯುತ್ತೆ. ಆದ್ದರಿಂದ ಟ್ಯೂಬ್‌ಲೈಟ್, ಅಗ್ಗದ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿ 1/100 ಅಥವಾ 1/50 ಇಟ್ಟರೆ ಸರಿಹೋಗುತ್ತೆ. ಕ್ಯಾಮೆರಾದಲ್ಲಿರುವ ಸಾಮಾನ್ಯ ಆಂಟಿ-ಫ್ಲಿಕರ್ ಆಯ್ಕೆ ಇಂಥ ಮಿನುಗಿಗೆ ಮಾತ್ರ. ವೇದಿಕೆಯ ಎಲ್‌ಇಡಿಗೆ ಅದನ್ನು ನಂಬಬೇಡಿ.

ಪ್ರಶ್ನೆ, ದಾವಣಗೆರೆಯಿಂದ: ನಮ್ಮ ಬೀದಿ ಗಣೇಶೋತ್ಸವದ ಆರ್ಕೆಸ್ಟ್ರಾ ಫೋಟೋ ಮೊಬೈಲ್‌ನಲ್ಲೇ ತೆಗೆಯೋದು. ಮುಖ ಬೆಳ್ಳಗೆ ಸುಟ್ಟ ಹಾಗೆ ಬರುತ್ತೆ. ಈ ವರ್ಷ ಲೇಸರ್ ಬೇರೆ ತರಿಸ್ತಿದ್ದಾರೆ.

ಮುಖದ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಇಷ್ಟಕ್ಕೇ ಅರ್ಧ ಸಮಸ್ಯೆ ಮುಗಿಯುತ್ತೆ. ಬೆರಳಲ್ಲಿ ಜೂಮ್ ಮಾಡುವ ಬದಲು ವೇದಿಕೆ ಹತ್ತಿರ ಹೋಗಿ. ನಿಮ್ಮದೇ ಬೀದಿ ತಾನೇ, ಯಾರು ತಡೆಯುತ್ತಾರೆ?

ಲೇಸರ್ ವಿಷಯದಲ್ಲಿ ಹುಷಾರು. ಕಿರಣ ನೇರ ಲೆನ್ಸ್‌ಗೆ ಬಿದ್ದರೆ ಸೆನ್ಸರ್ ಸುಟ್ಟು ಶಾಶ್ವತ ಗೆರೆಯೋ ಚುಕ್ಕೆಯೋ ಉಳಿಯಬಹುದು. ಮೊಬೈಲ್, ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಎರಡರಲ್ಲೂ ಚಿತ್ರ ನೋಡುತ್ತಿರುವಷ್ಟು ಹೊತ್ತೂ ಸೆನ್ಸರ್ ತೆರೆದೇ ಇರುತ್ತೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಅಡ್ಡ ಇದ್ದರೂ ವ್ಯೂಫೈಂಡರ್‌ಗೆ ಕಣ್ಣಿಟ್ಟವರ ಕಣ್ಣಿಗೇ ಅಪಾಯ. ಲೇಸರ್ ಜನರ ಕಡೆ ತಿರುಗಿದಾಗ ಕ್ಯಾಮೆರಾ ಇಳಿಸಿಬಿಡಿ. ಹೋದರೆ ಒಂದು ಫೋಟೋ ಹೋಗಲಿ.

ಪ್ರಶ್ನೆ, ಬೆಂಗಳೂರಿನಿಂದ: ಬ್ಯಾಂಡ್‌ನ ಮುಂದಿನ ಶೋಗೆ ಕೊಲಾಜ್ ಪೋಸ್ಟರ್ ಮಾಡ್ತಿದ್ದೀನಿ. ಒಂದು ಫೋಟೋ ಕೆಂಪು, ಒಂದು ನೀಲಿ, ಒಂದು ಹಸಿರು. ಸೇರಿಸಿದರೆ ಕಣ್ಣು ಕುಕ್ಕುತ್ತೆ. ಕಟೌಟ್ ಮಾಡಿದರೆ ಕೂದಲ ಅಂಚೆಲ್ಲ ಕತ್ತರಿಸಿದಂತೆ ಕಾಣುತ್ತೆ.

ಕತ್ತರಿಸಲೇಬೇಡಿ. ವೇದಿಕೆಯ ಫೋಟೋಗಳಲ್ಲಿ ಹಿನ್ನೆಲೆ ಹೇಗಿದ್ದರೂ ಕಪ್ಪು. ತೆಗೆಯುವಾಗ ಕಾಡಿದ ಆ ಕತ್ತಲೆ ಇಲ್ಲಿ ಉಪಕಾರಕ್ಕೆ ಬರುತ್ತೆ. ಕಪ್ಪು ಕ್ಯಾನ್ವಾಸ್ ಮೇಲೆ ಫೋಟೋ ಇಟ್ಟು ಆ ಲೇಯರ್‌ನ (ಪದರದ) ಬ್ಲೆಂಡ್ ಮೋಡನ್ನು, ಅಂದರೆ ಕೆಳಗಿನದರೊಡನೆ ಬೆರೆಯುವ ರೀತಿಯನ್ನು, ಸ್ಕ್ರೀನ್‌ಗೆ ಬದಲಾಯಿಸಿ. ಕಪ್ಪೆಲ್ಲ ಮಾಯವಾಗಿ ಬೆಳಕು ಬಿದ್ದ ಭಾಗ ಮಾತ್ರ ಉಳಿಯುತ್ತೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಕೂದಲು, ಹೊಗೆ, ಬೆಳಕಿನ ಕೋಲು ಎಲ್ಲ ತಾನಾಗಿಯೇ ಬೆರೆಯುತ್ತವೆ. ಹಿನ್ನೆಲೆ ಪೂರ್ತಿ ಕಪ್ಪಿಲ್ಲದೆ ಬೂದು ಇದ್ದರೆ ಮೊದಲು ಲೆವೆಲ್ಸ್‌ನಲ್ಲಿ ಎಡಗಡೆಯ ಕಪ್ಪು ಹಿಡಿಯನ್ನು ಒಳಕ್ಕೆ ಎಳೆಯಿರಿ. ಫೋಟೋಶಾಪ್ ಇಲ್ಲದಿದ್ದರೆ ಜಿಂಪ್ ಅಥವಾ ಕ್ರಿತಾದಲ್ಲೂ ಇದನ್ನು ಮಾಡಬಹುದು, ಎರಡೂ ಉಚಿತ. ಒಂದು ಎಚ್ಚರಿಕೆ: ಎರಡು ಮುಖಗಳು ಒಂದರ ಮೇಲೊಂದು ಬಂದರೆ ಭೂತದ ಹಾಗೆ ಕಾಣುತ್ತೆ. ಒಬ್ಬರ ಬೆಳಕು ಇನ್ನೊಬ್ಬರ ಕತ್ತಲೆಯ ಮೇಲೆ ಬೀಳುವಂತೆ ಜೋಡಿಸಿ.

ಬಣ್ಣಕ್ಕೆ ನನ್ನ ಸಲಹೆ ಸ್ವಲ್ಪ ಒರಟು. ಒಂದೇ ಒಂದು ಫೋಟೋಗೆ ಅದರ ನಿಜವಾದ ಬಣ್ಣ ಉಳಿಸಿ, ಉಳಿದದ್ದೆಲ್ಲ ಕಪ್ಪು-ಬಿಳುಪು. ಅದು ಬೋಳು ಅನಿಸಿದರೆ ಕಪ್ಪು-ಬಿಳುಪಿನ ಫೋಟೋಗಳಿಗೆ ಗ್ರೇಡಿಯಂಟ್ ಮ್ಯಾಪ್ ಹಾಕಿ, ಕಪ್ಪಿನಿಂದ ಒಂದೇ ಬಣ್ಣಕ್ಕೆ ಹೋಗುವಂಥದ್ದು. ಬಣ್ಣವನ್ನು ಮುಖ್ಯ ಫೋಟೋದಿಂದಲೇ ಆರಿಸಿ. ಕೆಂಪು, ನೀಲಿ, ಹಸಿರು ಮೂರೂ ಬೇಕು ಅಂತ ಹಟ ಮಾಡಿದರೆ ಅದು ಯಾವ ಬ್ಯಾಂಡ್‌ನ ಪೋಸ್ಟರೂ ಆಗಬಹುದು.

ಎಷ್ಟು ಫೋಟೋ? ಮೂರರಿಂದ ಐದು. ಒಂದು ದೊಡ್ಡದು, ಉಳಿದವು ಅದಕ್ಕಿಂತ ಸ್ಪಷ್ಟವಾಗಿ ಸಣ್ಣವು. ಎಲ್ಲವೂ ಮುಖವೇ ಆಗಬಾರದು. ಗಿಟಾರ್ ತಂತಿ ಮೇಲಿನ ಬೆರಳು, ಡ್ರಮ್ ಕೋಲು, ಕೈ ಎತ್ತಿದ ಜನ, ಇವೆಲ್ಲ ಬೇಕು. ಇವನ್ನು ಶೋ ದಿನವೇ ನೆನಪಿಟ್ಟು ತೆಗೆದಿರಬೇಕು, ಮನೆಗೆ ಬಂದ ಮೇಲೆ ಸಿಗಲ್ಲ. ಕೆಲವು ಫ್ರೇಮ್‌ಗಳಲ್ಲಿ ಗಾಯಕನನ್ನು ಒಂದು ಮೂಲೆಗೆ ಇಟ್ಟು ಉಳಿದದ್ದನ್ನು ಖಾಲಿ ಬಿಡಿ. ತಾರೀಖು, ಸಮಯ, ಜಾಗದ ಹೆಸರು ಅಲ್ಲಿ ಕೂರಬೇಕು. ಎಡಕ್ಕೆ ನೋಡುತ್ತಿರುವವರನ್ನು ಬಲಗಡೆ ಇಡಿ, ಬಲಕ್ಕೆ ನೋಡುವವರನ್ನು ಎಡಗಡೆ. ಎಲ್ಲರೂ ಪೋಸ್ಟರ್‌ನ ಹೊರಗೆ ನೋಡುತ್ತಿದ್ದರೆ ಬ್ಯಾಂಡ್ ಒಡೆದು ಹೋದ ಹಾಗಿರುತ್ತೆ. ಮತ್ತೆ, ಬೇಸ್ ಗಿಟಾರಿಸ್ಟ್‌ನ ಮುಖ ತೀರಾ ಸಣ್ಣದು ಮಾಡಬೇಡಿ. ನಿಜವಾಗಿಯೂ ಒಡೆದೀತು!

ಅಳತೆ: ಇನ್‌ಸ್ಟಾಗ್ರಾಂ ಪೋಸ್ಟಿಗೆ 1080x1350, ಸ್ಟೋರಿ ಮತ್ತು ವಾಟ್ಸಾಪ್ ಸ್ಟೇಟಸ್‌ಗೆ 1080x1920 ಪಿಕ್ಸೆಲ್. ಎ3 ಕಾಗದದ ಪೋಸ್ಟರ್‌ಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3508x4961. ದೊಡ್ಡದನ್ನು ಮೊದಲು ಮಾಡಿ ಆಮೇಲೆ ಸಣ್ಣದಕ್ಕೆ ಇಳಿಸಿ. ಪ್ರಿಂಟಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಫೈಲನ್ನು ಕುಗ್ಗಿಸಿಬಿಡುತ್ತೆ. ಮೊಬೈಲ್‌ನಲ್ಲಿ ಹೊಳೆಯುವ ಎಲ್‌ಇಡಿ ನೀಲಿ, ಗುಲಾಬಿ-ನೇರಳೆ ಬಣ್ಣಗಳು ಶಾಯಿಯಲ್ಲಿ ಅಷ್ಟು ಹೊಳೆಯಲ್ಲ, ಮಂಕಾಗುತ್ತವೆ. ನೂರು ಪ್ರತಿ ಹಾಕಿಸುವ ಮುಂಚೆ ಒಂದು ಪ್ರತಿ ತೆಗೆಸಿ ನೋಡಿ.

ಪ್ರಶ್ನೆ, ಶಿವಮೊಗ್ಗದಿಂದ: ಪೋಸ್ಟರ್‌ನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತೆ.

ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಹಳೆಯ ಆವೃತ್ತಿಯಲ್ಲಿ ಅದು ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತ ಇರುತ್ತೆ. ಫೋಟೋಶಾಪ್ ಮುಚ್ಚಿ ತೆರೆದು ಹೊಸ ಟೆಕ್ಸ್ಟ್ ಲೇಯರ್‌ನಲ್ಲಿ ಟೈಪ್ ಮಾಡಿ. ಫಾಂಟ್ ಯೂನಿಕೋಡ್‌ನದ್ದೇ ಇರಲಿ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ, ಬೆಣ್ಣೆ ಎಲ್ಲ ಉಚಿತವಾಗಿ ಸಿಗುತ್ತವೆ. ದೂರದಿಂದ ಓದಬೇಕಾದ ಪೋಸ್ಟರ್‌ಗೆ ಬಾಲೂ ತಮ್ಮದಂಥ ದಪ್ಪ ಅಕ್ಷರ ಒಳ್ಳೆಯದು. ತೆಳು ಅಕ್ಷರದ ಒತ್ತುಗಳು ಹೊಗೆಯ ಫೋಟೋ ಮೇಲೆ ಕಳೆದುಹೋಗುತ್ತವೆ.

ಪ್ರಶ್ನೆ, ಬೆಂಗಳೂರಿನಿಂದ: ಮೇಡಂ ಅಥವಾ ಸರ್, ನಾನು ದುಡ್ಡು ತಗೊಂಡು ತೆಗೆದ ಫೋಟೋಗಳನ್ನು ಬ್ಯಾಂಡ್‌ನವರು ನನ್ನ ಹೆಸರಿಲ್ಲದೆ ಹಾಕಿದ್ದಾರೆ. ಹಕ್ಕು ನನ್ನದೇ ಅಲ್ವಾ?

ಸರ್. ಹಕ್ಕಿನ ವಿಷಯಕ್ಕೆ ಬಂದರೆ, ನೀವಂದುಕೊಂಡ ಹಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಥರ ಒಪ್ಪಂದ ಆಗಿಲ್ಲದಿದ್ದರೆ. ನೀವಾಗಿಯೇ, ಯಾರದೂ ಕೆಲಸಕ್ಕಲ್ಲದೆ ತೆಗೆದಿದ್ದರೆ ಹಕ್ಕು ನಿಮ್ಮದು. ದುಡ್ಡು ತಗೊಂಡರೆ ಲೆಕ್ಕ ಬದಲಾಗುತ್ತೆ. ಹೆಸರಿನ ವಿಷಯ ಬೇರೆ. ಕೃತಿ ತನ್ನದು ಎಂದು ಹೇಳಿಕೊಳ್ಳುವ ಹಕ್ಕು, 57ನೇ ಸೆಕ್ಷನ್ ಪ್ರಕಾರ, ಕೃತಿಸ್ವಾಮ್ಯ ಬೇರೆಯವರ ಕೈಗೆ ಹೋದರೂ ತೆಗೆದವರಲ್ಲೇ ಉಳಿಯುತ್ತೆ. ಆದ್ದರಿಂದ ಹೆಸರು ಹಾಕಿ ಅಂತ ಕೇಳಲು ಸಂಕೋಚ ಬೇಡ.

ಮುಂದಿನ ಸಲ ಕೆಲಸ ಒಪ್ಪುವ ಮುಂಚೆಯೇ ನಾಲ್ಕು ಸಾಲು ಬರೆದು ಕಳಿಸಿ, ಅವರಿಂದ "ಓಕೆ" ಅನ್ನಿಸಿಕೊಳ್ಳಿ: ಕೃತಿಸ್ವಾಮ್ಯ ಯಾರದು, ಫೋಟೋ ಎಲ್ಲೆಲ್ಲಿ ಬಳಸಬಹುದು, ಹೆಸರು ಹೇಗೆ ಹಾಕಬೇಕು, ಸ್ಪಾನ್ಸರ್ ಕಂಪನಿಗೆ ಕೊಡಬಹುದೋ ಇಲ್ಲವೋ. ದೊಡ್ಡ ಮೊತ್ತದ ಕೆಲಸವಾದರೆ ವಕೀಲರಿಗೆ ತೋರಿಸಿ ಸಹಿ ಹಾಕಿಸಿ. ಕೊನೆಯ ಅಂಶವನ್ನು ಮರೆಯಬೇಡಿ. ಜಗಳ ಜಾಸ್ತಿ ಶುರುವಾಗೋದು ಸ್ಪಾನ್ಸರ್ ಬಂದ ಮೇಲೆಯೇ.