ಕೇಳ್ರಿ, ಹೇಳ್ತೀನಿ: ಕೂಸು ಕರ್ಕೊಂಡು ಯಾವ ಸಿನಗಾಗ್‌ಗೆ ಹೋಗೂಣು?

ಹೋದ ಸಂಚಿಕ್ಯಾಗ ಪುಣೆದ ಲಾಲ್ ದೇವಳದ ಬಗ್ಗೆ ನಾಕು ಸಾಲು ಬರದಿದ್ದೆ, ಅದ ಕ್ಯಾಂಪ್ ಏರಿಯಾದಾಗಿರೋ ಕೆಂಪು ಇಟ್ಟಂಗಿ ಸಿನಗಾಗ್, ಅಂದ್ರ ಯಹೂದಿಗಳ ಪ್ರಾರ್ಥನಾ ಮಂದಿರ. ಅದನ್ನ ಓದಿ ಬಂದ ಪತ್ರ ನೋಡಿದ ಮ್ಯಾಲೆ ಗೊತ್ತಾತು, ನಮ್ಮ ಹುಬ್ಬಳ್ಳಿ ಗದಗ ಮಂದಿ ಮನ್ಯಾಗೂ ಯಹೂದಿ ಸೊಸ್ತ್ಯಾರು ಅಳಿಯಂದ್ರು ಅದಾರ ಅಂತ. ಈ ಸಲ ಅವ ಮೂರು ಪತ್ರ ತಗೊಂಡೀನಿ, ಕೂದಲ ಉದರೋದು, ಬಾಡಿಗಿ ಜಗಳ ಎಲ್ಲಾ ಮುಂದಿನ ತಿಂಗಳಿಗೆ ಇಟ್ಕೊಳ್ರಿ.

ಹುಬ್ಬಳ್ಳಿ ಕೇಶ್ವಾಪುರದಿಂದ ಒಬ್ಬ ಅತ್ತಿ ಕೇಳ್ಯಾರ:
ನಮ್ಮ ಸೊಸಿ ಠಾಣೆದಾಕಿ, ಬೆನೆ ಇಸ್ರೇಲ್ ಅಂತಾರಲ್ಲ ಆ ಯಹೂದಿ ಮಂದಿ. ಮಗ ನಮ್ಮಂಗ ಲಿಂಗಾಯತ, ಇಬ್ರದೂ ರಜಿಸ್ಟರ್ ಮದ್ವಿ. ಮೊಮ್ಮಗಗ 5 ವರ್ಷ, ಮೊಮ್ಮಗಳಿಗೆ 2. ಮಕ್ಕಳು ತನ್ನ ಹಬ್ಬ ಪ್ರಾರ್ಥನಿ ಕಲೀಲಿ ಅಂತ ಸೊಸಿಗೆ ಆಸೆ, ಆದ್ರ ಇಲ್ಲಿ ಸಿನಗಾಗ್ ಇಲ್ಲ. ಮಗ್ಗ ಪುಣೆಕ್ಕ ಇಲ್ಲಾ ಮುಂಬೈಗೆ ಟ್ರಾನ್ಸ್‌ಫರ್ ಆಗೋದೈತಿ. ಸಣ್ಣ ಮಕ್ಕಳಿದ್ದವ್ರಿಗೆ ಯಾವ ಕಡೆ ಛಲೋ? ಮಗನ್ನ ಒಳಗ ಬಿಟ್ಕೋತಾರ? ಇಲ್ಲಿ ಇರೋತನಕ ನಾ ಏನ್ ಮಾಡ್ಲಿ?

ಮೊದ್ಲ ನಿಮ್ಮ ಮನಸಿಗೆ ಸಮಾಧಾನ ಆಗೋ ಮಾತು ಹೇಳ್ತೀನ್ರಿ ಅತ್ತಿ. ಯಹೂದಿಗಳ್ನಾಗ ತಾಯಿ ಯಹೂದಿ ಇದ್ರ ಮಕ್ಕಳು ಯಹೂದಿ, ಇದ್ರಾಗ ಹಳೇ ಕಟ್ಟುನಿಟ್ಟಿನ ಪಂಥದವ್ರದೂ ತಕರಾರಿಲ್ಲ. ಅಂದ್ರ ನಿಮ್ಮ ಮೊಮ್ಮಕ್ಳು ಯಾವ ಸಿನಗಾಗ್ ಬಾಗಲಿಗೆ ಹೋದ್ರೂ ಅವ್ರು ಆ ಮನಿ ಮಕ್ಕಳ. ಮಗನ ವಿಷಯ ಬ್ಯಾರೆ. ಅವ ಒಳಗ ಬರಬಹುದು, ತಲಿ ಮ್ಯಾಲೆ ಟೋಪಿ ಹಾಕ್ಕೊಂಡು ಮಗನ್ನ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ಕುಂದ್ರಬಹುದು, ಆದ್ರ ಸಾಮೂಹಿಕ ಪ್ರಾರ್ಥನಿಗೆ ಬೇಕಾಗೋ ಹತ್ತು ಮಂದಿ ಗಂಡಸ್ರ ಲೆಕ್ಕದಾಗ ಅವನ್ನ ಹಿಡಿಯಂಗಿಲ್ಲ, ಅವ್ರ ಧರ್ಮಗ್ರಂಥ ತೋರಾ ಓದಾಕ ವೇದಿಕಿಗೆ ಕರಿಯಂಗಿಲ್ಲ. ಇದನ್ನ ಅವಗ ಈಗ ಹೇಳಿಬಿಡ್ರಿ, ಅಲ್ಲಿ ಹೋದ ಮ್ಯಾಲೆ ಹತ್ತು ಮಂದಿ ಮುಂದ ಗೊತ್ತಾದ್ರ ಮನಸಿಗೆ ಚುಚ್ಚತೈತಿ.

ಊರಿನ ಮಾತು. ಪುಣೆದಾಗ ಎರಡು ಅದಾವ. ಲಾಲ್ ದೇವಳ, ಅದ್ರ ಖರೇ ಹೆಸರು ಓಹೆಲ್ ಡೇವಿಡ್, ಬಗ್ದಾದ್‌ನಿಂದ ಬಂದ ವ್ಯಾಪಾರಸ್ಥ ಡೇವಿಡ್ ಸಸೂನ್ ಕಟ್ಟಿಸಿದ್ದು, ಅದು ಮುಗಿಯೋದ್ರಾಗ ಅವ್ರು ತೀರ್ಕೊಂಡಿದ್ರು, 1867ರಾಗ ಬಾಗಲ ತೆರೀತು. ನೋಡಾಕ ಇಗರ್ಜಿ ಕಂಡಂಗ ಕಾಣ್ತೈತಿ, ಗಡಿಯಾರದ ಗೋಪುರ ಬ್ಯಾರೆ. ಇನ್ನೊಂದು ರಾಸ್ತಾ ಪೇಠ್‌ನಾಗ, ಸುಕ್ಕತ್ ಶೆಲೋಮೊ, ಸಣ್ಣದು, ಬೆನೆ ಇಸ್ರೇಲ್ ಮಂದೀದ. ಪುಣೆಕ್ಕ ಹೋಗೋದಾದ್ರ ನಾ ರಾಸ್ತಾ ಪೇಠ್‌ಗೆ ಮೊದ್ಲ ಹೋಗ್ರಿ ಅಂತೀನಿ, ಯಾಕಂದ್ರ ಅಲ್ಲಿ ಮರಾಠಿ ಮಾತಾಡೋ ಹೆಣ್ಮಕ್ಕಳು ನಿಮ್ಮ ಸೊಸೀನ ನೋಡಿದ್ಕೂಡ್ಲೆ ನೀ ಯಾವ ಕರ್, ಪೇಣಕರ್ ಏನ, ರೋಹೇಕರ್ ಏನ, ನಿಮ್ಮವ್ವನ ತವರುಮನಿ ಯಾವೂರು ಅಂತ ಶುರು ಹಚ್ಚತಾರ, ಕೊಂಕಣದ ಊರಿನ ಹೆಸರ ಅವ್ರ ಅಡ್ಡಹೆಸರು ನೋಡ್ರಿ, ಎರಡು ಪ್ರಶ್ನ್ಯಾಗ ಸಂಬಂಧ ಹೊಂಡತೈತಿ. ಸಂಬಂಧ ಹೊಂಟ್ರ ಕೂಸನ್ನ ಎತ್ಗೊಳ್ಳಾಕ ಕೈ ತಾವ ಬರ್ತಾವ.

ಮುಂಬೈ ಕಡೆ ಆದ್ರ ಯೋಚ್ನಿ ಬ್ಯಾಡ, ಠಾಣೆ. ಮುಂಬೈ ಕಡೆ ಬೆನೆ ಇಸ್ರೇಲ್ ಮಂದಿ ಈಗ ಹೆಚ್ಚು ಇರೋದ ಅಲ್ಲಿ, 1879ರ ಶಾರ್ ಹಶಾಮಯಿಮ್ ಸಿನಗಾಗ್ ಐತಿ, ಮ್ಯಾಲೆ ನಿಮ್ಮ ಬೀಗರೂ ಅಲ್ಲೇ ಅದಾರ. ಕಾಲಾ ಘೋಡಾದಾಗ 1884ರ ಒಂದು ಐತಿ, ಕೆನೆಸೆತ್ ಎಲಿಯಾಹು ಅಂತ, ಫೋಟೋದಾಗ ಭಾಳ ಚಂದ, ಬಣ್ಣದ ಗಾಜಿನ ಕಿಟಕಿ, ಆದ್ರ ಕಿಟಕಿ ಜೋಡಿ ಮಕ್ಕಳು ಆಡಂಗಿಲ್ಲಲ್ರಿ. ಮಕ್ಕಳಿಗೆ ಮಕ್ಕಳು ಬೇಕು. 1948ರ ನಂತ್ರ ಈ ಮಂದಿ ಇಸ್ರೇಲಿಗೆ ಹೋಗ್ತಾನ ಬಂದ್ರು, ಇಡೀ ದೇಶದಾಗ ಈಗ ಸುಮಾರು 5 ಸಾವಿರ ಮಂದಿ ಉಳದಾರ, ಹಿಂಗಾಗಿ ಕೆಲವು ಕಡೆ ಹತ್ತು ಮಂದಿ ಕೂಡೋದ ಕಷ್ಟ, ಕುಂತವ್ರೆಲ್ಲ ವಯಸ್ಸಾದವ್ರು. ಅಂಥಾ ಜಾಗಕ್ಕ ನಿಮ್ಮ 2 ವರ್ಷದ ಮೊಮ್ಮಗಳು ಹೋಗಿ ಬೆಂಚಿನ ಸಂದ್ಯಾಗ ಓಡಾಡಿದ್ರ ಯಾರೂ ಸಿಟ್ಟು ಮಾಡಂಗಿಲ್ಲ, ಖುಷೀನ ಪಡ್ತಾರ, ಆದ್ರ ಆ ಕೂಸಿಗೆ ಜೋಡಿ ಸಿಗಂಗಿಲ್ಲ. ಅದಕ್ಕ ಫೋನ್ ಮಾಡಿದಾಗ ನಿಮ್ಮಲ್ಲಿ ಪ್ರಾರ್ಥನಿ ಎಷ್ಟೊತ್ತಿಗೆ ಅಂತ ಅಷ್ಟ ಕೇಳಬ್ಯಾಡ್ರಿ, ಶನಿವಾರ ಎಷ್ಟು ಮಕ್ಕಳು ಬರ್ತಾರ ಅಂತ ಕೇಳ್ರಿ. ಮುಂಬೈದಾಗ ಯಹೂದಿ ಕಮ್ಯುನಿಟಿ ಸೆಂಟರ್ ಒಂದೈತಿ, ಮಕ್ಕಳಿಗೆ ಹಬ್ಬದ ಕಾರ್ಯಕ್ರಮ ಅಲ್ಲಿ ನಡೀತಾವ, ಅದನ್ನೂ ಸೊಸಿಗೆ ವಿಚಾರಸಾಕ ಹೇಳ್ರಿ.

ಮಗ್ಗ ಆರ್ಥಡಾಕ್ಸ್, ಅಂದ್ರ ಹಳೇ ಕಟ್ಟುನಿಟ್ಟಿನ, ಪದ್ಧತಿ ಇಕ್ಕಟ್ಟು ಅನಿಸಿದ್ರ ಮುಂಬೈದಾಗ ಉದಾರ ಪಂಥದ್ದೊಂದು ಕೂಟಾನೂ ಐತಿ, ಜ್ಯೂಯಿಷ್ ರಿಲಿಜಿಯಸ್ ಯೂನಿಯನ್ ಅಂತ, 1925ರಾಗ ಶುರು ಮಾಡಿದವ್ರು ಡಾಕ್ಟರ್ ಜೆರುಷಾ ಝಿರಾಡ್. ಈಕಿ ಹುಟ್ಟಿದ್ದು ನಮ್ಮ ಶಿವಮೊಗ್ಗದಾಗ್ರಿ! ಲಂಡನ್ನಿಗೆ ಹೋಗಿ ಹೆರಿಗಿ ಡಾಕ್ಟರ್ ಆಗಿ ಬಂದು ಮುಂಬೈದಾಗ ಕಾಮಾ ಆಸ್ಪತ್ರಿ ನಡಸಿದಾಕಿ, 1966ರಾಗ ಪದ್ಮಶ್ರೀ ಬಂತು. ಇನ್ನೂ ಹಿಂದಕ್ಕ ಹೋದ್ರ, ಮುಂಬೈದಾಗ ಬೆನೆ ಇಸ್ರೇಲ್ ಮಂದಿ ಮೊದಲ ಸಿನಗಾಗ್ 1796ರಾಗ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಾಗ ಇದ್ದಾವ, ಟಿಪ್ಪು ಕೈಯಾಗ ಸೆರಿ ಸಿಕ್ಕು ಬಿಡುಗಡಿ ಆಗಿ ಬಂದಾವ, ಜೀವ ಉಳೀತಂತ ಹರಕಿ ತೀರ್ಸಾಕ ಕಟ್ಟಿಸಿದ ಅಂತ ಹೇಳ್ತಾರ. ನಿಮ್ಮ ಮಗನ ಮಾವನ ಮನಿಯವ್ರಿಗೂ ಕರ್ನಾಟಕಕ್ಕೂ ನಂಟು ಇವತ್ತಿಂದಲ್ಲ ಬಿಡ್ರಿ.

ಇಲ್ಲಿ ಇರೋತನಕ ನೀವೇನ್ ಮಾಡಬೇಕು ಅಂತ ಕೇಳೀರಿ. ಬೆಂಗಳೂರು ದೂರಾತು, ಅಲ್ಲಿ ಯಹೂದಿಗಳ ಹಳೇ ಸ್ಮಶಾನ ಐತಿ, ಹಳೇ ಸಿನಗಾಗ್ ಇಲ್ಲ. ಆದ್ರ ಯಹೂದಿ ಆಚಾರ ಅರ್ಧಕ್ಕಿಂತ ಹೆಚ್ಚು ನಡಿಯೋದು ಮನ್ಯಾಗ. ಶುಕ್ರವಾರ ಸಂಜಿಯಿಂದ ಶನಿವಾರ ಸಂಜಿತನಕ ಶಬ್ಬಾತ್, ಅವ್ರ ವಾರದ ಬಿಡುವಿನ ದಿನ; ಶುಕ್ರವಾರ ಹೊತ್ತು ಮುಳಗೋ ಮೊದ್ಲ ಸೊಸಿ ದೀಪ ಹಚ್ಚತಾಳ, ಕರಿ ಒಣದ್ರಾಕ್ಷಿ ನೆನಿಸಿ ಹಿಂಡಿ ಶರಬತ್ ಮಾಡಿ ಅದ್ರ ಮ್ಯಾಲೆ ಪ್ರಾರ್ಥನಿ ಹೇಳ್ತಾರ, ಬೆನೆ ಇಸ್ರೇಲ್ ಮನಿಗಳ್ನಾಗ ವೈನ್ ಬದ್ಲಿ ಇದ. ಆ ಹೊತ್ತಿಗೆ ಟಿವಿ ಆಫ್ ಮಾಡಿ ಮಕ್ಕಳ ಜೋಡಿ ನೀವೂ ಕುಂದರ್ರಿ, ಅಷ್ಟ ಸಾಕು. ಮನ್ಯಾಗ ಏನರೆ ಛಲೋದಾದ್ರ ಎಲಿಯಾಹು ಪ್ರವಾದಿ ಹೆಸರಲೆ ಮಲಿದಾ ಮಾಡ್ತಾರ. ನನ್ನ ಠಾಣೆ ಗೆಳತಿ ಮನ್ಯಾಗ ಮಾಡೋದನ್ನ ನಿಂತು ನೋಡೀನಿ, ನೆನಿಸಿದ ಅವಲಕ್ಕಿಗೆ ಸಕ್ರಿ, ಹಸಿ ಕೊಬ್ರಿ ತುರಿ, ಏಲಕ್ಕಿ, ಬದಾಮಿ ಗೋಡಂಬಿ ಕಲಿಸಿ ದೊಡ್ಡ ತಾಟಿನಾಗ ಗುಡ್ಡಿ ಹಾಕಿ ಸುತ್ತ ಹಣ್ಣು ಇಡ್ತಾರ, ಹಾಡು ಮುಗಿಯೋತನಕ ಮುಟ್ಟಂಗಿಲ್ಲ ಅಂದ್ರೂ ಆಕಿ ಮಗ ಒಂದ ಕಡೆಯಿಂದ ಗೋಡಂಬಿ ಆರಿಸ್ಕೋತ ಕುಂತಿದ್ದ, ಅವ್ರಜ್ಜಿ ಕಂಡೂ ಕಾಣದಂಗ ಕಣ್ಣು ಮುಚ್ಕೊಂಡು ಹಾಡಾಕಿ. ಇನ್ನ ಪಾಸೋವರ್, ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡಿ ಆದ ನೆನಪಿನ ಹಬ್ಬ, ಎಂಟು ದಿನ ಬಂತಂದ್ರ ಗೋದಿ ಹಿಟ್ಟಿನ ಚಪಾತಿ, ಬ್ರೆಡ್, ಬಿಸ್ಕೀಟು ಬಂದ್. ಅಕ್ಕಿ ಬೆನೆ ಇಸ್ರೇಲ್ ಮಂದಿ ತಿಂತಾರ. ನಮ್ಮ ಜ್ವಾಳದ ರೊಟ್ಟಿ ಬಗ್ಗೆ ಸೊಸೀನ ಕೇಳ್ರಿ, ನಿಷೇಧ ಇರೋ ಐದು ಧಾನ್ಯದಾಗ ಜ್ವಾಳ ಇಲ್ಲ, ಆದ್ರೂ ಮನಿ ಪದ್ಧತಿ ಆಕೀದ ನಡೀಲಿ. ಆ ಹಬ್ಬದ ಊಟಕ್ಕ ಮನ್ಯಾಗ ಕೇಳಾಕ ಬರೋ ಎಲ್ಲಾರಿಗಿಂತ ಸಣ್ಣ ಕೂಸು ನಾಕು ಪ್ರಶ್ನಿ ಕೇಳಬೇಕು, ಈ ರಾತ್ರಿ ಉಳಿದ ರಾತ್ರಿಗಿಂತ ಯಾಕ ಬ್ಯಾರೆ ಅಂತ, ನಿಮ್ಮ ಮೊಮ್ಮಗ ಈ ವರ್ಷದಿಂದನ ಕಲೀಬಹುದು.

ಗದಗದಿಂದ ಒಬ್ಬ ತಾಯಿ:
ಮಗಳು ನ್ಯೂಜೆರ್ಸಿಯೊಳಗ, ಅಳಿಯ ಅಮೇರಿಕದ ಯಹೂದಿ. 3 ವರ್ಷದ ಮಗ. ಒಂದು ಸಿನಗಾಗ್‌ಗೆ ಹೋಗಿದ್ರಂತ, ಯಾರೂ ಮಾತಾಡ್ಸಲಿಲ್ಲಂತ, ಕೂಸಿನ ಬಗ್ಗೆ ಏನೋ ಅಂದ್ರಂತ, ಮಗಳು ಅತ್ಕೋತ ಫೋನ್ ಮಾಡಿದ್ಳು. ನಮ್ಮ ಹುಡುಗಿ ಅಂತ ಹಿಂಗ ಮಾಡ್ತಾರೇನು?

ನಿಮ್ಮ ಹುಡುಗಿ ಅಂತಲ್ರಿ ಅವ್ವಾರ, ಮ್ಯಾಲಿನ ಪತ್ರದ ಉಲ್ಟಾ ಲೆಕ್ಕ ಇದು. ಇಲ್ಲಿ ಯಹೂದಿ ಇರೋದು ತಂದಿ. ಆರ್ಥಡಾಕ್ಸ್ ಮತ್ತ ನಡುವಿನ ಕನ್ಸರ್ವೇಟಿವ್ ಪಂಥದಾಗ ಆ ಕೂಸು ಮತಾಂತರದ ವಿಧಿ ಆಗೋತನಕ ಯಹೂದಿ ಅಲ್ಲ. ಉದಾರದ ರಿಫಾರ್ಮ್ ಪಂಥದವ್ರು ಅಮೇರಿಕಾದಾಗ 1983ರಾಗ ಠರಾವು ಮಾಡ್ಯಾರ, ತಂದಿ ತಾಯಿ ಇಬ್ರಾಗ ಒಬ್ರು ಯಹೂದಿ ಇದ್ದು ಕೂಸನ್ನ ಯಹೂದಿ ಅಂತನ ಬೆಳಸಿದ್ರ ಅದು ಯಹೂದೀನ ಅಂತ. ನಿಮ್ಮ ಮಗಳು ಹೋಗಿದ್ದು ಯಾವ ಪಂಥದ್ದು ಅಂತ ಬರದಿಲ್ಲ ನೀವು, ಬಹುಶಃ ಅಳಿಯ ತಾ ಬೆಳೆದ ಪದ್ಧತೀಗೆ ಕರ್ಕೊಂಡು ಹೋಗಿರಬೇಕು. ಗಂಡಸ್ರು ಹಂಗ, ತಮ್ಮ ಸಣ್ಣಂದಿನ ಹಾಡು ಕೇಳಿದ್ರ ಸಾಕು ಅವ್ರಿಗೆ, ಹೆಂಡ್ತಿ ಕೂಸು ಹೊರಗ ನಿಂತಾರೋ ಒಳಗ ಬಂದಾರೋ ಗೊತ್ತಾಗಂಗಿಲ್ಲ. ಈ ಕೂಸಿನ ಪ್ರಶ್ನೀನ ರಬ್ಬಿಗೆ, ಅಂದ್ರ ಅವ್ರ ಧರ್ಮಗುರುಗಳಿಗೆ, ಮೊದಲ ಫೋನಿನಾಗ ನೇರ ಕೇಳಬೇಕ್ರಿ, ಕೇಳೋದೂ ಅಳಿಯನ ಕೇಳಬೇಕು, ಮಗಳ ಮ್ಯಾಲೆ ಹಾಕಬಾರ್ದು. ತಾಯಿ ಯಹೂದಿ ಅಲ್ಲ, ನಮ್ಮ ಮಗ ನಿಮ್ಮಲ್ಲಿ ಶಾಲಿ ಕಲೀಬಹುದಾ, 13ಕ್ಕ ಹುಡುಗ್ರಿಗೆ ಮಾಡೋ ಬಾರ್ ಮಿಟ್ಸ್ವಾ ಸಂಸ್ಕಾರ ಅವಗ ಮಾಡ್ತೀರಾ, ಅವತ್ತ ಅವರವ್ವ ಅವನ ಪಕ್ಕ ನಿಂದ್ರಬಹುದಾ. ಇಷ್ಟಕ್ಕ ಹೌದು ಅಂತ ಸೀದಾ ಉತ್ತರ ಬಂದ್ರ ಹೋಗ್ರಿ, ನೋಡೂಣು, ಬರ್ರಿ ಮಾತಾಡೂಣು ಅಂದ್ರ ಬ್ಯಾರೆ ನಂಬರ್ ಹಚ್ಚರಿ. ಇಲ್ಲ ಅಂತ ಖಡಕ್ ಹೇಳಿದವ್ರ ಮ್ಯಾಲೆ ನಂಗೇನು ಸಿಟ್ಟಿಲ್ಲ, ಅವ್ರ ನಿಯಮ ಅವ್ರಿಗೆ, ಮೂರು ವರ್ಷ ಬಾಯಿ ತುಂಬ ನಕ್ಕು ನಾಕನೇ ವರ್ಷ ಹೇಳೋರಿಗಿಂತ ಅವ್ರು ಎಷ್ಟೋ ಪಾಡು.

ಮಗಳು ನ್ಯೂಜೆರ್ಸಿಯ ಎಡಿಸನ್ ಊರಿನ ಕಡೆ ಇದ್ರ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಾಗ ಯಹೂದಿ ಮಂದಿ ಭಾಳ ಅದಾರ, ಬ್ಯಾರೆ ಬ್ಯಾರೆ ಪಂಥದ ಸಿನಗಾಗ್ ಅದಾವ, ಹುಡುಕಾಕ ತ್ರಾಸಿಲ್ಲ. ಮೊದಲ ಸಲ ಹೋಗಾಕ ಸೆಪ್ಟೆಂಬರ್ ಅಕ್ಟೋಬರ್ ದೊಡ್ಡ ಹಬ್ಬ, ಹೊಸ ವರ್ಷದ ರೋಶ್ ಹಶಾನಾ, ಉಪವಾಸದ ಯೋಮ್ ಕಿಪ್ಪುರ್, ಬ್ಯಾಡ. ಅವತ್ತ ವರ್ಷಕ್ಕೊಮ್ಮೆ ಬರೋರೆಲ್ಲ ಬಂದಿರ್ತಾರ, ಕೆಲವು ಕಡೆ ಟಿಕೆಟ್ ಬೇಕು, ಪ್ರಾರ್ಥನಿ ತಾಸುಗಟ್ಲೆ, 3 ವರ್ಷದ ಕೂಸು ಕುಂದ್ರಂಗಿಲ್ಲ, ಪಕ್ಕದಾಕಿ ಯಾರಂತ ಯಾರಿಗೂ ಲಕ್ಷ್ಯ ಇರಂಗಿಲ್ಲ. ಟಾಟ್ ಶಬ್ಬಾತ್ ಅಂತ ಸಣ್ಣ ಮಕ್ಕಳಿಗಂತನ ಪ್ರಾರ್ಥನಿ ಇಡ್ತಾರ, ಅರ್ಧ ಮುಕ್ಕಾಲು ತಾಸಿಂದು, ಹಾಡು, ಕತಿ, ಆಮ್ಯಾಲೆ ಹಲ್ಲಾ ಬ್ರೆಡ್ಡು ದ್ರಾಕ್ಷಿ ಜ್ಯೂಸು. ಅದಕ್ಕ ಹೋಗ್ಲಿ. ಇಲ್ಲಾ ಪುರಿಮ್ ಹಬ್ಬಕ್ಕ, ಮಕ್ಕಳು ವೇಷ ಹಾಕ್ಕೊಂಡು ಬಂದು ಅವತ್ತ ಓದೋ ಕತ್ಯಾಗ ಖಳನಾಯಕ ಹಾಮಾನ್‌ನ ಹೆಸರು ಬಂದಾಗೊಮ್ಮೆ ಗಿರಗಿಟ್ಲಿ ತಿರುವಿ ಗದ್ಲ ಎಬ್ಬಿಸಬೇಕು ಅಂತ ನಿಯಮಾನ ಐತಿ, ಅವತ್ತ ನಿಮ್ಮ ಮೊಮ್ಮಗನ ಸದ್ದು ಯಾರಿಗೂ ಕೇಳಂಗಿಲ್ಲ! ಆದ್ರ ಹಬ್ಬದಾಗ ಎಲ್ಲಾರೂ ಛಲೋನ ಇರ್ತಾರ, ಅದಕ್ಕ ಒಂದು ಸಾದಾ ಶನಿವಾರಾನೂ ಹೋಗಿ ನೋಡ್ಲಿ. ಕೂಸು ಅತ್ತಾಗ ತಿರುಗಿ ನೋಡಿದ ಮುಖ ಹೆಂಗಿದ್ವು, ಮಕ್ಕಳ ರೂಮ್ ಎಲ್ಲೈತಿ ಅಂತ ಕೇಳದನ ಯಾರರೆ ತೋರ್ಸಿದ್ರಾ, ಪ್ರಾರ್ಥನಿ ಆದ್ಮ್ಯಾಲೆ ತಿನ್ನಾಕ ಇಟ್ಟ ಟೇಬಲ್ ಹತ್ರ ಮಗಳ ಜೋಡಿ ಯಾರರೆ ತಾವಾಗಿ ಮಾತಾಡಿದ್ರಾ, ರಬ್ಬಿ ಬಿಟ್ಟು. ರಬ್ಬಿ ಮಾತಾಡ್ಸೋದು ಅವ್ರ ಕೆಲಸ, ಅದು ಲೆಕ್ಕಕ್ಕಿಲ್ಲ.

ರೊಕ್ಕದ ವಿಷಯ. ಅಲ್ಲಿ ಹುಂಡಿ ಇರಂಗಿಲ್ಲ, ವರ್ಷಕ್ಕ ಮೆಂಬರ್‌ಶಿಪ್ ಫೀ, ಮಕ್ಕಳ ಶಾಲಿಗೆ ಬ್ಯಾರೆ. ಕೇಳಿದ್ರ ಕಡಿಮಿ ಮಾಡೋ ಕಡೆ ಭಾಳ ಅದಾವ, ಸಣ್ಣ ಮಕ್ಕಳಿದ್ದವ್ರಿಗೆ ಮೊದಲ ವರ್ಷ ಬಿಡೋರೂ ಅದಾರ, ನಾಚಬ್ಯಾಡ ಕೇಳು ಅಂತ ಹೇಳ್ರಿ ಮಗಳಿಗೆ. ಇನ್ನೊಂದು, ಮುಂದ ಆರ್ಥಡಾಕ್ಸ್ ಓಣ್ಯಾಗ ಯಾರ ಮನಿಗರೆ ಶನಿವಾರ ಊಟಕ್ಕ ಹೋಗೋದಾದ್ರ ಸ್ಟ್ರೋಲರ್ ವಿಷಯ ಮೊದ್ಲ ಕೇಳಬೇಕು. ಶಬ್ಬಾತ್ ದಿನ ಮನಿ ಹೊರಗ ಏನೂ ಹೊತ್ಕೊಂಡು, ದಬ್ಕೊಂಡು ಹೋಗಂಗಿಲ್ಲ ಅವ್ರು, ಕೂಸಿನ ಗಾಡೀನೂ ಇಲ್ಲ, ಊರ ಸುತ್ತ ಕಂಬಕ್ಕ ತಂತಿ ಕಟ್ಟಿ ಎರುವ್ ಅಂತ ಗಡಿ ಮಾಡಿದ್ರ ಅದ್ರೊಳಗ ನಡೀತೈತಿ. ಸಣ್ಣ ಮಕ್ಕಳಿದ್ದವ್ರು ಮನಿ ಹಿಡಿಯೋ ಮೊದ್ಲ ಎರುವ್ ಎಲ್ಲಿತನಕ ಐತಿ ಅಂತ ನಕಾಶಿ ನೋಡ್ತಾರ, ನಾವು ನೀರು ಎಂಟು ದಿನಕ್ಕೊಮ್ಮೆ ಬರ್ತೈತೋ ಹತ್ತು ದಿನಕ್ಕೊಮ್ಮೆಯೋ ಅಂತ ಕೇಳಿದಂಗ.

ಹಾವೇರಿಯಿಂದ ಒಬ್ಬ ಮಾಸ್ತರ್:
ದೀಪಾವಳಿ ರಜಾದಾಗ ಮಕ್ಕಳ್ನ ಕರ್ಕೊಂಡು ಪುಣೆಕ್ಕ ಹೊಂಟೀವಿ, ಲಾಲ್ ದೇವಳ ಒಳಗ ನೋಡಬಹುದಾ?

ಹಂಗ ಹೋಗಿ ಗೇಟ್ ಬಡದ್ರ ಬಿಡಂಗಿಲ್ರಿ ಸರ. 2008ರ ನವೆಂಬರ್‌ದಾಗ ಮುಂಬೈದಾಗ ಯಹೂದಿಗಳ ಕೇಂದ್ರ ನಾರಿಮನ್ ಹೌಸ್ ಮ್ಯಾಲೆ ದಾಳಿ ಆದ ಮ್ಯಾಲೆ ಎಲ್ಲಾ ಕಡೆ ಬಂದೋಬಸ್ತ್ ಬಿಗಿ ಆಗೈತಿ. ಮೊದ್ಲ ಫೋನ್ ಮಾಡಿ ಪರ್ಮಿಷನ್ ತಗೊಳ್ರಿ, ದೊಡ್ಡವ್ರೆಲ್ಲಾ ಆಧಾರ್ ಇಟ್ಕೊಳ್ರಿ, ದೊಡ್ಡ ಬ್ಯಾಗ್ ರೂಮಿನಾಗ ಬಿಟ್ಟು ಹೋಗ್ರಿ. ಶುಕ್ರವಾರ ಸಂಜಿ, ಶನಿವಾರ ಬ್ಯಾಡ, ಅವತ್ತ ಪ್ರಾರ್ಥನಿ ಇರತೈತಿ, ಫೋಟೋ ಅಂತೂ ತೆಗಿಯಂಗಿಲ್ಲ, ಪೆನ್ನು ಹಿಡಿದು ನೋಟ್ಸ್ ಬರಕೊಳ್ಳೋದೂ ಅವ್ರಿಗೆ ಸೇರಂಗಿಲ್ಲ. ಒಳಗ ಗಂಡಸ್ರು, ಹುಡುಗ್ರು ತಲಿ ಮುಚ್ಕೋಬೇಕು, ಅಲ್ಲೇ ಟೋಪಿ ಕೊಡ್ತಾರ, ಕರ್ಚೀಫ್ ಕಟ್ಕೊಂಡ್ರೂ ನಡೀತೈತಿ. ಪರ್ಮಿಷನ್ ಸಿಗಲಿಲ್ಲಂದ್ರ ರಸ್ತೆದ ಮ್ಯಾಲಿಂದ ಗೋಪುರ ನೋಡಿ, ಮಕ್ಕಳಿಗೆ ಭೇಳ್ ಕೊಡ್ಸಿ ಬರ್ರಿ.