ಡಿಎನ್‌ಎ ಪರೀಕ್ಷೆಯಿಂದ ತಂದೆ ಕಡೆಯ ಮೂಲ ಗೊತ್ತಾಗುತ್ತದೆಯೇ?

ನಿಮ್ಮ ಮನೆತನ ಕಲ್ಯಾಣದ ಕಡೆಯಿಂದ ಹಾಸನಕ್ಕೆ ಬಂದದ್ದು ಎಂದು ಅಜ್ಜಿ ಹೇಳುತ್ತಿದ್ದರು, ಅದು ನಿಜವೇ ಎಂದು ಡಿಎನ್‌ಎಯಿಂದ ತಿಳಿಯಬಹುದೇ ಅಂತ ಕೇಳಿದ್ದೀರಿ. ಗೋತ್ರ ಗೊತ್ತಾಗುತ್ತದೆಯೇ ಅಂತಲೂ ಕೇಳಿದ್ದೀರಿ. ಅಪ್ಪ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರಿಲ್ಲ, ಹಾಗಾದರೆ ಪರೀಕ್ಷೆ ಸಾಧ್ಯವೇ ಅನ್ನುವುದು ಮೂರನೆಯದು. ಮೂರನೆಯದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದೆಲ್ಲ ಅದರ ಮೇಲೆಯೇ ನಿಂತಿದೆ.

ಸಾಧ್ಯ. ತಂದೆಯ ಗಂಡುಮೂಲ ಹುಡುಕಲು ನೋಡುವುದು ವೈ ಕ್ರೋಮೋಸೋಮನ್ನು. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ, ನೀವು ಹೆಣ್ಣುಮಗಳು, ಹಾಗಾಗಿ ನಿಮ್ಮ ಉಗುಳಿನಲ್ಲಿ ಅದು ಸಿಗುವುದಿಲ್ಲ. ಆದರೆ ನಿಮ್ಮ ತಂದೆಯ ವೈ ನಿಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ, ಅವರ ಗಂಡುಮಕ್ಕಳಲ್ಲಿ, ಮುತ್ತಜ್ಜನ ಅಣ್ಣತಮ್ಮಂದಿರ ಗಂಡುಸಂತತಿಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಇದೆ. ಸೋದರತ್ತೆಯ ಮಗ, ಅಕ್ಕನ ಮಗ ಆಗುವುದಿಲ್ಲ. ದಾಯಾದಿ ಆಗಬೇಕು. ಪರೀಕ್ಷೆ ಅಂದರೆ ಕೆನ್ನೆಯ ಒಳಬದಿಯನ್ನು ಬ್ರಷ್‌ನಂಥ ಒಂದು ಕಡ್ಡಿಯಿಂದ ಉಜ್ಜಿ, ಚಿಕ್ಕ ಬಾಟಲಿಗೆ ಹಾಕಿ ಕಳಿಸುವುದು, ಅಷ್ಟೇ. ರಕ್ತ ಬೇಡ.

ಈಗ ಅದು ಏನು ಹೇಳುತ್ತದೆ ಅನ್ನುವ ವಿಷಯ. ವೈ ಕ್ರೋಮೋಸೋಮಿನಲ್ಲಿ ಸುಮಾರು 6 ಕೋಟಿ ಡಿಎನ್‌ಎ ಅಕ್ಷರಗಳಿವೆ, ಅದನ್ನು ಪೂರ್ತಿಯಾಗಿ ಓದಿ ಮುಗಿಸಿದ್ದೇ 2023ರಲ್ಲಿ. ಎರಡು ತುದಿಗಳನ್ನು ಬಿಟ್ಟರೆ ಅದು ತಾಯಿಯ ಕಡೆಯದರ ಜತೆ ಕಲಸಿಹೋಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ಬದಲಾಗುತ್ತದೆ, ಬದಲಾದದ್ದು ಮುಂದಿನ ಎಲ್ಲ ಗಂಡುಮಕ್ಕಳಿಗೂ ಹೋಗುತ್ತದೆ. ಈ ಬದಲಾವಣೆಗಳನ್ನು ಜೋಡಿಸಿ ಇಡೀ ಜಗತ್ತಿನ ಗಂಡಸರಿಗೆ ಒಂದು ದೊಡ್ಡ ವಂಶವೃಕ್ಷ ಕಟ್ಟಿದ್ದಾರೆ. ಅದರ ಕೊಂಬೆಗಳಿಗೆ ಹ್ಯಾಪ್ಲೋಗ್ರೂಪ್ ಎಂದು ಹೆಸರು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಎಚ್, ಎಲ್, ಆರ್1ಎ, ಆರ್2, ಜೆ2. ಒಬ್ಬರೇ ಪರೀಕ್ಷೆ ಮಾಡಿಸಿದರೆ ಸಿಗುವುದು ನೀವು ಯಾವ ಕೊಂಬೆ ಎಂಬುದು. ಅದು ಸಾವಿರಾರು ವರ್ಷ ಹಿಂದಿನ ಮಾತು. ಕಲ್ಯಾಣ, ಹಾಸನ ಯಾವುದೂ ಆ ಅಳತೆಯಲ್ಲಿ ಕಾಣುವುದೇ ಇಲ್ಲ.

ಇದರ ಆಳ ಎಷ್ಟು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಅಮೆರಿಕದ ದಕ್ಷಿಣ ಕೆರೊಲಿನಾದ ಆಲ್ಬರ್ಟ್ ಪೆರ್ರಿಯದು. ಅವರು ಒಬ್ಬ ಆಫ್ರಿಕನ್ ಅಮೆರಿಕನ್. ನಿಮ್ಮ ಹಾಗೆಯೇ ಮನೆತನದ ಮೂಲ ತಿಳಿಯುವ ಆಸೆಯಿಂದ ಅವರ ವಂಶದವರೊಬ್ಬರು ಮಾದರಿ ಕಳಿಸಿದರು. ಅಲ್ಲಿಯವರೆಗೆ ಗೊತ್ತಿದ್ದ ವೃಕ್ಷದ ಯಾವ ಕೊಂಬೆಗೂ ಆ ವೈ ಸೇರಲಿಲ್ಲ! 2013ರಲ್ಲಿ ಪ್ರಕಟವಾದ ಸಂಶೋಧನೆ ಅದನ್ನು ಎ00 ಎಂದು ಕರೆದು, ಮನುಷ್ಯರ ಗಂಡುಮೂಲವನ್ನೇ ಸುಮಾರು 3.38 ಲಕ್ಷ ವರ್ಷ ಹಿಂದಕ್ಕೆ ಒಯ್ದಿತು. ಆಮೇಲಿನ ಲೆಕ್ಕಗಳು ಆ ಸಂಖ್ಯೆಯನ್ನು ತಗ್ಗಿಸಿದವು, ಕೊಂಬೆ ಮಾತ್ರ ಅತಿ ಹಳೆಯದಾಗಿಯೇ ಉಳಿಯಿತು. ಅದೇ ಕೊಂಬೆಯವರು ಪಶ್ಚಿಮ ಕ್ಯಾಮರೂನಿನ ಎಂಬೊ ಜನರಲ್ಲಿ ಸಿಕ್ಕರು. ಒಂದು ಸಾಧಾರಣ ಕುಟುಂಬದ ಕುತೂಹಲದಿಂದ ಆದ ಕೆಲಸ ಇದು.

ಕೆಲವು ಸಲ ಮೂಲದ ದಾರಿ ತೋರಿಸಲು ಹ್ಯಾಪ್ಲೋಗ್ರೂಪೇ ಸಾಕಾಗುತ್ತದೆ. ಉತ್ತರ ಕನ್ನಡದ ಸಿದ್ದಿಗಳ ವೈಯಲ್ಲಿ ಆಫ್ರಿಕಾದ ಕೊಂಬೆಗಳು ಸ್ಪಷ್ಟವಾಗಿ ಕಾಣುತ್ತವೆ, ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ಸಮುದ್ರ ದಾಟಿ ಬಂದದ್ದು ಕೆಲವೇ ಶತಮಾನಗಳ ಹಿಂದೆ, ಹೊರಟ ಜಾಗದ ಕೊಂಬೆಗಳು ಇಲ್ಲಿಯವಕ್ಕಿಂತ ಪೂರ್ತಿ ಬೇರೆ, ಆದ್ದರಿಂದ ಗುರುತು ಸಿಗುತ್ತದೆ. ಕಲ್ಯಾಣದಿಂದ ಹಾಸನಕ್ಕೆ ಬಂದವರಲ್ಲಿ ಅಂಥ ಗುರುತು ಇರುವುದಿಲ್ಲ, ಎರಡೂ ಕಡೆ ಅವೇ ಕೊಂಬೆಗಳಿವೆ.

ಗೋತ್ರದ ವಿಷಯ. ಗೋತ್ರವೂ ಅಪ್ಪನಿಂದ ಮಗನಿಗೆ ಬರುತ್ತದೆ, ಆದ್ದರಿಂದ ಎರಡೂ ಒಂದೇ ಇರಬೇಕು ಎಂದು ಅನಿಸುವುದು ಸಹಜ. ಆದರೆ ದತ್ತು ಹೋದ ಮಗನಿಗೆ ಗೋತ್ರ ಬದಲಾಗುತ್ತದೆ, ವೈ ಬದಲಾಗುವುದಿಲ್ಲ. ಪುರೋಹಿತರ, ಗುರುಗಳ ಗೋತ್ರವನ್ನೇ ತಮ್ಮದಾಗಿಸಿಕೊಂಡ ಮನೆತನಗಳಿವೆ. ಒಂದೇ ಗೋತ್ರದ ಇಬ್ಬರಲ್ಲಿ ಒಬ್ಬರು ಎಚ್, ಇನ್ನೊಬ್ಬರು ಆರ್1ಎ ಆಗಿರಬಹುದು. ತುಳುನಾಡಿನ ಬಂಟರಲ್ಲಂತೂ ಗೋತ್ರದ ಹಾಗಿರುವ 'ಬಳಿ' ಬರುವುದೇ ತಾಯಿಯಿಂದ. ಅಲ್ಲಿ ವೈ ನೋಡಿದರೆ ಬಳಿಯ ಬಗ್ಗೆ ಏನೂ ತಿಳಿಯುವುದಿಲ್ಲ, ತಾಯಿಯಿಂದ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ನೋಡಬೇಕು.

ಇಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಹ್ಯಾಪ್ಲೋಗ್ರೂಪ್ ನೋಡಿ ಜಾತಿ ಹೇಳುವವರು, ಆರ್1ಎ ಬಂದರೆ ಬೀಗುವವರು ಸಿಗುತ್ತಾರೆ. ನಂಬಬೇಡಿ. ಆರ್1ಎದ ನಮ್ಮ ಕಡೆಯ ಕವಲು ಕ್ರಿ.ಪೂ. 2000ದಿಂದ 1500ರ ಸುಮಾರಿಗೆ ಯುರೇಷ್ಯಾದ ಹುಲ್ಲುಗಾವಲು ಪ್ರದೇಶದಿಂದ ಬಂದವರ ಜತೆ ಹರಡಿತು ಎಂದು 2019ರ ದೊಡ್ಡ ಅಧ್ಯಯನ ಹೇಳುತ್ತದೆ, ಸರಿ. ಆದರೆ ಅದು ಬ್ರಾಹ್ಮಣರಲ್ಲೂ ಇದೆ, ಆಂಧ್ರದ ನಲ್ಲಮಲ ಕಾಡಿನ ಚೆಂಚುಗಳಲ್ಲೂ ಇದೆ. ಅಲ್ಲದೆ ವೈ ಒಂದೇ ಒಂದು ಎಳೆ. ಹತ್ತು ತಲೆಮಾರು ಹಿಂದೆ ನಿಮಗೆ 1,024 ಪೂರ್ವಿಕರ ಸ್ಥಾನಗಳಿವೆ, ಈ ಪರೀಕ್ಷೆ ಹೇಳುವುದು ಅವುಗಳಲ್ಲಿ ಒಂದರ ಬಗ್ಗೆ. ಅಜ್ಜಿಯ ಅಪ್ಪ ಯಾರೆಂಬುದು ಅದರಲ್ಲಿ ಬರುವುದೇ ಇಲ್ಲ.

ಹಾಗಾದರೆ ಯಾಕೆ ಮಾಡಿಸಬೇಕು? ಇಬ್ಬರು ಮಾಡಿಸಿದರೆ ಅದು ಮನೆತನದ ಇತಿಹಾಸವಾಗುತ್ತದೆ. ನನ್ನ ಅನುಭವದಲ್ಲಿ ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ.

ನಮ್ಮದು ಗದಗ ಕಡೆ. ನಮ್ಮ ಅಡ್ಡಹೆಸರಿನ ಮೂರು ಮನೆಗಳಿವೆ, ಮೂರೂ ಒಂದೇ ಬೆಡಗು (ಕುಲದ ಒಳಗುಂಪು), ಮೂವರು ಅಣ್ಣತಮ್ಮಂದಿರಿಂದ ಹುಟ್ಟಿದವು ಎಂದೇ ಹಿರಿಯರ ಮಾತು. ಒಂದೊಂದು ಮನೆಯಿಂದ ಒಬ್ಬೊಬ್ಬರು 37 ಮಾರ್ಕರಿನ, ಅಂದರೆ ವೈಯ ಮೇಲಿನ 37 ಗುರುತಿನ ಜಾಗಗಳನ್ನು ಹೋಲಿಸುವ ಪರೀಕ್ಷೆ ಮಾಡಿಸಿದೆವು. ನಮ್ಮ ಮನೆಯದೂ ಹಿರೇಮನೆಯದೂ ಒಂದೇ ಒಂದು ಮಾರ್ಕರ್ ಬಿಟ್ಟು ಉಳಿದದ್ದೆಲ್ಲ ಒಂದೇ, ಇಬ್ಬರೂ ಎಲ್. ಮೂರನೇ ಮನೆಯದು ಎಚ್. ಗುಂಪೇ ಬೇರೆ ಅಂದಮೇಲೆ ಹತ್ತಾರು ಸಾವಿರ ವರ್ಷಗಳ ಈಚೆ ಗಂಡುಮೂಲ ಒಂದಾಗಿರಲು ಸಾಧ್ಯವೇ ಇಲ್ಲ. ಮನೆಯಲ್ಲಿ ಸ್ವಲ್ಪ ದಿನ ಮೌನವೇ ಆಯಿತು. ಸುಗ್ಗಿ ಮುಗಿದ ಮೇಲೆ ನಮ್ಮ ಹೆಳವ ಬಂದ. ಹೆಳವರು ಗೊತ್ತಲ್ಲ, ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು, ಬಂದಾಗ ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು ಕಾಳುಕಡಿ ಪಡೆದು ಹೋಗುವವರು. ಕಟ್ಟೆಯ ಮೇಲೆ ಕುಳಿತು, ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ, ಬೆರಳಿಟ್ಟು ಇಂಥವನ ಮಗ ಇಂಥವ ಎಂದು ಇಳಿಯುತ್ತ ಬಂದವನು ಮೂರನೇ ಮನೆಯಲ್ಲಿ ನಿಂತ. ಅಲ್ಲಿ ಐದು ತಲೆಮಾರಿನ ಹಿಂದೆ ಗಂಡು ಸಂತಾನ ಇರಲಿಲ್ಲ, ಮಗಳನ್ನು ಮನೆಯಲ್ಲೇ ಇಟ್ಟುಕೊಂಡು ಅಳಿಯನನ್ನು ತಂದಿದ್ದರು. ಹೆಸರು, ಹೊಲ, ಬೆಡಗು ಎಲ್ಲ ಆ ಮಗಳಿಂದ ಮುಂದುವರಿದಿದೆ. ಹೊತ್ತಿಗೆಯೂ ಪ್ರಯೋಗಾಲಯವೂ ಒಂದೇ ಮಾತು ಹೇಳಿದವು. ಆ ಹೆಣ್ಣುಮಗಳ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ, ಈಗ ಮೂರೂ ಮನೆಯ ವಂಶವೃಕ್ಷದಲ್ಲಿ ಇದೆ.

ಎಲ್ಲರಿಗೂ ಇಂಥ ಸಮಾಧಾನದ ಕಾರಣ ಸಿಗುತ್ತದೆ ಎಂದಲ್ಲ. ಇಂಗ್ಲೆಂಡಿನ ದೊರೆ 3ನೇ ರಿಚರ್ಡ್‌ನ ಅಸ್ಥಿ 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿನಡಿ ಸಿಕ್ಕಿತು. ಕಾಗದಪತ್ರದ ಪ್ರಕಾರ ಅವನ ಗಂಡುಮೂಲದವರೇ ಆದ ಐವರನ್ನು ಪರೀಕ್ಷಿಸಿದರೆ ಒಬ್ಬರ ವೈಯೂ ಅವನದಕ್ಕೆ ಹೊಂದಲಿಲ್ಲ, ಅವರಲ್ಲೇ ಒಬ್ಬರು ಉಳಿದ ನಾಲ್ವರಿಗೆ ಹೊಂದಲಿಲ್ಲ. ಆದ್ದರಿಂದ ಮಾದರಿ ಕೊಡುವವರಿಗೆ, ಹೀಗೂ ಆಗಬಹುದು, ಬಂದದ್ದನ್ನು ತಿಳಿಸಬೇಕೋ ಬೇಡವೋ ನೀವೇ ಹೇಳಿ ಎಂದು ಮೊದಲೇ ಕೇಳಿ. ಅವರ ಒಪ್ಪಿಗೆ ಇಲ್ಲದೆ ಕಳಿಸಬೇಡಿ.

ನೀವು ಮಾಡಬೇಕಾದದ್ದು: ಮೊದಲು ಕಾಗದ. ಚಿಕ್ಕಪ್ಪಂದಿರಿಂದ ಹೆಸರುಗಳನ್ನು ಬರೆಸಿಕೊಳ್ಳಿ, ಹಳೆಯ ಪಹಣಿ, ಪಾಲುಪತ್ರ ನೋಡಿ. ಕುಲದೇವರು ಬೀದರ್, ಕಲಬುರಗಿ ಕಡೆ ಇದ್ದರೆ ಅಲ್ಲಿಗೆ ನಡೆದುಕೊಳ್ಳುವ, ನಿಮ್ಮದೇ ಮನೆಹೆಸರಿನ ಕುಟುಂಬಗಳನ್ನು ಹುಡುಕಿ. ಆಮೇಲೆ ಚಿಕ್ಕಪ್ಪನ ಮಗನದೊಂದು, ಆ ಕಡೆಯ ಒಬ್ಬರದೊಂದು ಮಾದರಿ. ಇಬ್ಬರದೂ ಹೊಂದಿದರೆ ಅಜ್ಜಿಯ ಮಾತಿಗೆ ಅದು ಬಲವಾದ ಸಾಕ್ಷಿ. 12 ಮಾರ್ಕರಿನ ಹೊಂದಾಣಿಕೆಗೆ ಅರ್ಥವಿಲ್ಲ, 37 ಕನಿಷ್ಠ, 111 ಒಳ್ಳೆಯದು. ಯಾವಾಗ ಕವಲೊಡೆಯಿತು ಎಂದು ತಿಳಿಯಬೇಕಾದರೆ ವೈಯ ದೊಡ್ಡ ಭಾಗವನ್ನು ಅಕ್ಷರ ಅಕ್ಷರವಾಗಿ ಓದುವ ಬಿಗ್ ವೈ-700ರಂಥ ಪರೀಕ್ಷೆ ಬೇಕು. ಅದು ಹಿಡಿಯುವ ಬದಲಾವಣೆ ಸರಾಸರಿ 80-85 ವರ್ಷಕ್ಕೊಂದು, ಹಾಗಾಗಿ ಶತಮಾನದ ಅಂದಾಜು ಸಿಗುತ್ತದೆ, ಇಸವಿ ಸಿಗುವುದಿಲ್ಲ. ಇಂಥ ಕಂಪನಿಗಳ ದತ್ತಾಂಶದಲ್ಲಿ ಯುರೋಪು ಅಮೆರಿಕದವರೇ ಹೆಚ್ಚು, ಭಾರತೀಯರು ಕಡಿಮೆ. ತಾನಾಗಿಯೇ ಯಾರಾದರೂ ಸಿಗುತ್ತಾರೆ ಎಂದು ಕಾಯಬೇಡಿ.

ಹಣ ಕಟ್ಟುವ ಮೊದಲು ಮಾಹಿತಿ ಅಳಿಸುವ ಅವಕಾಶ ಇದೆಯೇ ನೋಡಿ. 23ಆಂಡ್‌ಮಿ ಎಂಬ ಅಮೆರಿಕದ ಡಿಎನ್‌ಎ ಪರೀಕ್ಷೆಯ ಕಂಪನಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿಹೋಯಿತು, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಮಾದರಿಯಲ್ಲಿ ಹೆಸರಿನ ಬದಲು ಮೊದಲಕ್ಷರ ಮಾತ್ರ ಕೊಟ್ಟರೆ ಸಾಕಾಗುವ ಕಡೆ ಹಾಗೆಯೇ ಮಾಡಿ.

ಮತ್ತೆ, ಮನೆತನದಲ್ಲಿ ವಯಸ್ಸಾದ ಗಂಡಸರು ಯಾರಾದರೂ ಇದ್ದರೆ ಅವರ ಮಾದರಿಯನ್ನೇ ಮೊದಲು ತೆಗೆದುಕೊಳ್ಳಿ. ಉಳಿದ ಮಾದರಿಯನ್ನು ವರ್ಷಗಟ್ಟಲೆ ಕಾಪಾಡುವ ಪ್ರಯೋಗಾಲಯಗಳಿವೆ, ಈಗ ಚಿಕ್ಕ ಪರೀಕ್ಷೆ ಮಾಡಿಸಿ, ದುಡ್ಡಾದಾಗ ಅದೇ ಮಾದರಿಯ ಮೇಲೆ ದೊಡ್ಡದನ್ನು ಮಾಡಿಸಬಹುದು.